ಉಸಿರು ಸಿಕ್ಕಿಕೊಂಡಾಗ ಮನಸ್ಸಿಗೇನಾಗುತ್ತದೆ?

ಮೈಸೂರಿನಿಂದ ಕೃಷ್ಣರಾಜಸಾಗರಕ್ಕೆ ಹೋಗುವ ರಸ್ತೆಯಲ್ಲಿ ಹಳೆಯ ಆಸ್ಪತ್ರೆಯೊಂದಿದೆ. ಅದರ ಪೂರ್ಣ ಹೆಸರು ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ. ಊರಿನವರ ಬಾಯಲ್ಲಿ ಮಾತ್ರ ಅದು 'ಪಿ.ಕೆ. ಸ್ಯಾನಟೋರಿಯಂ'. ಒಂದು ಕಾಲಕ್ಕೆ ಜನ ಈ ಹೆಸರನ್ನು ದನಿ ತಗ್ಗಿಸಿ ಹೇಳುತ್ತಿದ್ದರು. ಮನೆಯಲ್ಲಿ ಒಬ್ಬರಿಗೆ ಕ್ಷಯ ಎಂದು ತಿಳಿದರೆ ಆ ಮನೆಯ ಹೆಣ್ಣುಮಕ್ಕಳ ಮದುವೆ ಮಾತುಕತೆಯೇ ಮುರಿದುಬೀಳುವ ದಿನಗಳವು.

ರೋಗದ ಭಯ ಅರಮನೆಯನ್ನೂ ಬಿಟ್ಟಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡರು. ಅವರ ಹೆಣ್ಣುಮಕ್ಕಳೂ ಅದೇ ಕಾಯಿಲೆಗೆ ತುತ್ತಾದರು. ಅವರ ನೆನಪಿಗಾಗಿ 1921ರಲ್ಲಿ ಈ ಆಸ್ಪತ್ರೆ ಆರಂಭವಾಯಿತು.

ಕ್ಷಯದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲೇ ಗುರುತಿಸಿದ್ದರೂ ಅದನ್ನು ಕೊಲ್ಲುವ ಔಷಧ ಇರಲಿಲ್ಲ. ಒಳ್ಳೆಯ ಗಾಳಿ, ಪುಷ್ಟಿಕರ ಆಹಾರ, ವಿಶ್ರಾಂತಿ ಇವೇ ಚಿಕಿತ್ಸೆ. ಹೀಗಾಗಿ ಸ್ಯಾನಟೋರಿಯಂಗಳನ್ನು ಊರ ಹೊರಗೆ ಕಟ್ಟುವುದು ರೂಢಿಯಾಯಿತು. ರೋಗಿ ತಿಂಗಳುಗಟ್ಟಲೆ ಮನೆಯವರಿಂದ ದೂರ ಮಲಗಿರಬೇಕು. ಪಕ್ಕದ ಹಾಸಿಗೆ ಒಂದು ಬೆಳಿಗ್ಗೆ ಖಾಲಿಯಾದರೆ ಅವನ ಮನಸ್ಸು ಏನೆಂದುಕೊಂಡೀತು? ಶುಶ್ರೂಷೆಯ ತಾಣವೇ ಆತಂಕದ ತಾಣವೂ ಆಗಿತ್ತು.

1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್, 1952ರಲ್ಲಿ ಐಸೋನಯಾಜಿಡ್ ಬಂದವು. 1959ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನವೊಂದು, ಮನೆಯಲ್ಲೇ ಇದ್ದು ಔಷಧ ಸೇವಿಸಿದವರೂ ಹೆಚ್ಚುಕಡಿಮೆ ಸ್ಯಾನಟೋರಿಯಂ ರೋಗಿಗಳಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು.

ಹಳ್ಳಿಯವರಿಗೆ ರೋಗದ ಪರಿವೆಯೇ ಇಲ್ಲ ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಜನರನ್ನೇ ಕೇಳಿ ನೋಡಿದರು. 1963ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಕಫದಲ್ಲಿ ರೋಗಾಣುವಿದ್ದ ಬಹುತೇಕ ಎಲ್ಲರಿಗೂ ತಮ್ಮ ರೋಗಲಕ್ಷಣಗಳ ಅರಿವಿತ್ತು. ಮುಕ್ಕಾಲು ಪಾಲಿನ ಸಮೀಪ ಜನ ಅದರಿಂದ ಚಿಂತೆಗೀಡಾಗಿದ್ದರು. ಅರ್ಧದಷ್ಟು ಮಂದಿ ಆಸ್ಪತ್ರೆ ಬಾಗಿಲನ್ನೂ ತಟ್ಟಿದ್ದರು. ಅಲ್ಲಿ ಸಿಗುತ್ತಿದ್ದುದು ಬಹಳ ಸಲ ಒಂದು ಸೀಸೆ ಕೆಮ್ಮಿನ ಔಷಧ. ಜನರಿಗೆ ಚಿಂತೆಯಿತ್ತು, ಆದರೆ ಅದನ್ನು ಕೇಳುವವರಿರಲಿಲ್ಲ.

ಶ್ವಾಸಕೋಶದ ಕಾಯಿಲೆಗೂ ಭಯಕ್ಕೂ ಇಷ್ಟು ನಂಟೇಕೆ? ಹಸಿವನ್ನು ಒಂದು ಹೊತ್ತು ತಡೆಯಬಹುದು, ಉಸಿರನ್ನು ತಡೆಯಲಾಗದು. ಉಸಿರು ಸಾಲದು ಎನಿಸಿದೊಡನೆ ಮೆದುಳು ಅಪಾಯದ ಗಂಟೆ ಬಾರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರಾಟ ವೇಗವಾಗಿ ಮೇಲುಮೇಲಕ್ಕೆ ಸಾಗುತ್ತದೆ. ಅದರಿಂದ ಉಬ್ಬಸ ಇನ್ನಷ್ಟು ಹೆಚ್ಚಿ, ಭಯವೂ ಬೆಳೆಯುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೂ ರೋಗಿ ಚಡಪಡಿಸಬಹುದು. ಆದ್ದರಿಂದ 'ಸುಮ್ಮನೆ ಹೆದರಿದ್ದಾನೆ' ಎಂದು ತಳ್ಳಿಹಾಕುವ ಮೊದಲು ಪರೀಕ್ಷೆ ಅಗತ್ಯ.

2020ರಲ್ಲಿ ಕೊರೊನಾ ಬಂದಾಗ ಇದೇ ಕೃಷ್ಣರಾಜಸಾಗರ ರಸ್ತೆಯ ಜಿಲ್ಲಾ ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾಯಿತು. ನೂರು ವರ್ಷದ ಹಿಂದಿನ ದೃಶ್ಯ ಬೇರೆ ವೇಷದಲ್ಲಿ ಮರಳಿತು. ಮನೆಯವರು ಹೊರಗೆ, ರೋಗಿ ಒಳಗೆ. ವೈದ್ಯರ, ದಾದಿಯರ ಮುಖವೂ ಮುಸುಕಿನೊಳಗೆ. ಆಮ್ಲಜನಕದ ಕೊಳವೆ ಹಾಕಿಕೊಂಡವರಿಗೆ ಮಗನ ಒಂದು ಫೋನ್ ಕರೆಯೂ ದೊಡ್ಡ ಆಸರೆಯಾಗಿತ್ತು.

ಈ ಆತಂಕಕ್ಕೆ ದುಬಾರಿ ಮದ್ದೇ ಬೇಕೆಂದಿಲ್ಲ. ಏನಾಗಿದೆ, ಮುಂದೇನು ಮಾಡುತ್ತೇವೆ ಎಂದು ರೋಗಿಯ ಭಾಷೆಯಲ್ಲಿ ತಿಳಿಸಿ ಹೇಳುವುದು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ನಿಧಾನವಾಗಿ ಉಸಿರಾಡಿಸುವುದು, ಮನೆಯವರ ದನಿ ಕೇಳಿಸುವುದು ಇವೂ ಚಿಕಿತ್ಸೆಯ ಭಾಗವೇ. ತುಮಕೂರಿನ ಹಳ್ಳಿಗರು ಆಸ್ಪತ್ರೆಗೆ ಬಂದದ್ದು ಚಿಂತೆಯಿಂದಲೇ. ಅವರನ್ನು ಸೀಸೆ ಕೊಟ್ಟು ಕಳಿಸಿದ ತಪ್ಪು ಇಂದಿನ ವಾರ್ಡುಗಳಲ್ಲಿ ಮರುಕಳಿಸಬಾರದು.