ತಕ್ಕಡಿಯಿಲ್ಲದ ಲಾಯದಲ್ಲಿ ಕುದುರೆಯ ತೂಕ: ಟೇಪಿನ ಲೆಕ್ಕದ ಒಂದು ಪರಿಶೀಲನೆ

ಜಂತುಹುಳದ ಮದ್ದು ಕೊಡಬೇಕಾದರೂ ಮೇವಿನ ಪ್ರಮಾಣ ಗೊತ್ತುಮಾಡಬೇಕಾದರೂ ಮೊದಲು ತಿಳಿಯಬೇಕಾದದ್ದು ಕುದುರೆಯ ತೂಕ. ಒಂದೆರಡು ಕುದುರೆ ಕಟ್ಟಿಕೊಂಡವರ ಲಾಯದಲ್ಲಿ ಅದನ್ನು ತೂಗುವ ತಕ್ಕಡಿ ಇರುವುದಿಲ್ಲ. ಲಾರಿ ತೂಗುವ ವೇಬ್ರಿಡ್ಜಿಗೆ ವರ್ಷಕ್ಕೊಮ್ಮೆ ಹೋಗಿಬರಬಹುದು, ವಾರಕ್ಕೊಮ್ಮೆ ಹೋಗಲಾಗದು. ಉಳಿಯುವುದು ಕಣ್ಣಂದಾಜು, ಇಲ್ಲವೆ ಟೇಪು. ದೊಡ್ಡ ಮೈಯ ಕುದುರೆಗಳ ವಿಷಯದಲ್ಲಿ ಕಣ್ಣು ಸಾಮಾನ್ಯವಾಗಿ ಕಡಿಮೆಯ ಕಡೆಗೇ ವಾಲುತ್ತದೆ. ಟೇಪು ಅದಕ್ಕಿಂತ ವಾಸಿ. ಆದರೆ ಟೇಪಿನ ಅಂಕಿಯಲ್ಲಿ ಎರಡು ಬೇರೆ ಗುಣಗಳನ್ನು ನೋಡಬೇಕು: ಅದು ನಿಜವಾದ ತೂಕಕ್ಕೆ ಎಷ್ಟು ಹತ್ತಿರ, ಮತ್ತು ಮತ್ತೆ ಮತ್ತೆ ಅಳೆದಾಗ ಎಷ್ಟು ಸ್ಥಿರ. ಮನೆಯ ಅಳತೆಯ ಬೆಲೆ ಇರುವುದು ಎರಡನೆಯ ಗುಣದಲ್ಲಿ ಎಂಬುದು ಈ ಲೇಖನದ ವಾದ.

ಕ್ಯಾರಲ್ ಮತ್ತು ಹಂಟಿಂಗ್‌ಟನ್ 1988ರಲ್ಲಿ ಈಕ್ವೈನ್ ವೆಟರಿನರಿ ಜರ್ನಲ್‌ನಲ್ಲಿ ಪ್ರಕಟಿಸಿದ ಸೂತ್ರವೇ ಇಂದು ಹೆಚ್ಚು ಬಳಕೆಯಲ್ಲಿದೆ. ಸೆಂಟಿಮೀಟರಿನಲ್ಲಿ ಅಳೆದ ಎದೆಸುತ್ತಳತೆಯ ವರ್ಗವನ್ನು ಮೈಯುದ್ದದಿಂದ ಗುಣಿಸಿ, ಸುಮಾರು 11,880ರಿಂದ ಭಾಗಿಸಿದರೆ ಕಿಲೋಗ್ರಾಂ ಸಿಗುತ್ತದೆ. ಸುತ್ತಳತೆಯನ್ನು ಮುಂಗಾಲಿನ ಮೊಣಕೈಯ ಹಿಂಬದಿಯಲ್ಲಿ, ಕುದುರೆ ಉಸಿರು ಬಿಟ್ಟ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಉದ್ದವೆಂದರೆ ಹೆಗಲ ಮೂಳೆಯ ಮುಂತುದಿಯಿಂದ ಪೃಷ್ಠದ ಮೂಳೆಯ ಹಿಂತುದಿಯವರೆಗೆ.

ಈ 11,880 ಎಂಬ ಭಾಜಕ ಎಲ್ಲಿಂದ ಬಂತು? ಕುದುರೆಯನ್ನು ನೀರು ತುಂಬಿದ ಕೊಳವೆ ಎಂದುಕೊಳ್ಳಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ ನಾಲ್ಕು ಪೈಯಿಂದ ಭಾಗಿಸಿದರೆ ಕೊಳವೆಯ ಗಾತ್ರ ಸಿಗುತ್ತದೆ. ಘನ ಸೆಂಟಿಮೀಟರನ್ನು ಕಿಲೋಗೆ ತಿರುಗಿಸಿದಾಗ ಭಾಜಕ 12,566 ಆಗುತ್ತದೆ. ಬಳಕೆಯ ಭಾಜಕ ಇದಕ್ಕಿಂತ ತುಸು ಚಿಕ್ಕದು, ಆದ್ದರಿಂದ ಉತ್ತರ ಶೇಕಡ 6ರಷ್ಟು ಹೆಚ್ಚು ಬರುತ್ತದೆ. ತಲೆ, ಕುತ್ತಿಗೆ, ನಾಲ್ಕು ಕಾಲು ಇಷ್ಟರಲ್ಲೇ ಅಡಗಿಹೋದವೇ ಎಂದು ಅಚ್ಚರಿಯಾಗಬಹುದು. ಕುದುರೆಯ ಎದೆ ವೃತ್ತಾಕಾರವಲ್ಲ, ಪಕ್ಕದಿಂದ ಒತ್ತಿದ ಅಂಡಾಕಾರ. ಮೈಯ ಎರಡೂ ತುದಿಗಳು ಕೊಳವೆಯ ಹಾಗೆ ತುಂಬಿಕೊಂಡೂ ಇರುವುದಿಲ್ಲ. ಕೊಳವೆಯ ಲೆಕ್ಕ ಅಲ್ಲಿ ಹೆಚ್ಚಾಗಿ ಕೊಟ್ಟದ್ದೇ ಕಾಲು, ಕತ್ತುಗಳ ಬಾಬ್ತಿಗೆ ಸಂದುಹೋಗುತ್ತದೆ. ಹಾಗಾಗಿ ಭಾಜಕವೆಂಬುದು ಹಲವು ತಪ್ಪುಗಳು ಒಂದನ್ನೊಂದು ತೀರಿಸಿಕೊಂಡ ಮೇಲೆ ಉಳಿದ ಬಾಕಿ. ಮೈಕಟ್ಟು ಬೇರೆಯಾದರೆ ಬಾಕಿಯೂ ಬೇರೆ. ಕತ್ತೆಗೆ ಬೇರೆ ಸೂತ್ರ ಬೇಕಾಗುವುದು, ಮರಿಗಳಿಗೆ ಇದು ಹೊಂದದಿರುವುದು ಇದರಿಂದಲೇ.

ಒಂದು ಉದಾಹರಣೆ ನೋಡೋಣ. ಸುತ್ತಳತೆ 170, ಉದ್ದ 155 ಸೆಂ.ಮೀ. ಇದ್ದರೆ ಲೆಕ್ಕಕ್ಕೆ 377 ಕಿಲೋ ಬರುತ್ತದೆ. ಸುತ್ತಳತೆ 172 ಎಂದು ಓದಿದರೆ 386. ಉದ್ದದಲ್ಲಿ ಅದೇ ಎರಡು ಸೆಂಟಿಮೀಟರ್ ತಪ್ಪಿದರೆ ಬರುವ ವ್ಯತ್ಯಾಸ ಐದೇ ಕಿಲೋ. ವರ್ಗವಾಗುವುದು ಸುತ್ತಳತೆಯಾದ್ದರಿಂದ ಎಚ್ಚರವೆಲ್ಲ ಅಲ್ಲಿರಬೇಕು.

ಎಚ್ಚರಕ್ಕೆ ಮೊದಲ ಅಡ್ಡಿ ಟೇಪೇ. ದರ್ಜಿಯ ಟೇಪು ಸಾಮಾನ್ಯವಾಗಿ 150 ಸೆಂ.ಮೀ. ಮಾತ್ರ, ಹದವಾದ ಕುದುರೆಯ ಎದೆಗೂ ಸಾಲದು. ಬಡಗಿಯ ಉಕ್ಕಿನ ಟೇಪು ಮೈಗೆ ಅಂಟಿ ಕೂರುವುದಿಲ್ಲ, ಅದರ ಸದ್ದಿಗೆ ಬೆದರುವ ಕುದುರೆಗಳೂ ಉಂಟು. ಹಿಗ್ಗದ ಹುರಿಯನ್ನು ಸುತ್ತಿ, ಗುರುತು ಹಾಕಿ, ನೆಲದ ಮೇಲೆ ಹಾಸಿ ಅಳೆಯುವುದು ಹಳೆಯ ಉಪಾಯವಾದರೂ ನಂಬಬಹುದಾದದ್ದು. ನೈಲಾನ್ ಹುರಿ ಎಳೆದಷ್ಟು ಹಿಗ್ಗುತ್ತದೆ, ಅದು ಬೇಡ. ಸಮನೆಲ, ನಾಲ್ಕೂ ಕಾಲು ನೇರ, ಮೂರು ಸಲ ಅಳೆದು ನಡುವಿನ ಅಂಕಿ. ಅಳೆಯುವ ಕೈಯೂ ಒಂದೇ ಇರಲಿ; ಅಪ್ಪ ಎಳೆಯುವ ಬಿಗಿಗೂ ಮಗ ಎಳೆಯುವ ಬಿಗಿಗೂ ಎರಡು ಸೆಂಟಿಮೀಟರ್ ಸುಲಭವಾಗಿ ವ್ಯತ್ಯಾಸವಾದೀತು.

ಹೊತ್ತೂ ಒಂದೇ ಇರಬೇಕು. ಕುದುರೆ ದಿನಕ್ಕೆ 25 ಲೀಟರಿಗೂ ಮಿಕ್ಕಿ ನೀರು ಕುಡಿಯಬಲ್ಲದು, ಲೀಟರೆಂದರೆ ಕಿಲೋ. ಸೀಕಂ ಎಂಬ ಕುರುಡುಕರುಳು ಒಂದೇ ಸುಮಾರು 30 ಲೀಟರ್ ಹಿಡಿಯುತ್ತದೆ, ದೊಡ್ಡ ಕರುಳು ಅದಕ್ಕಿಂತ ಬಹಳ ಹೆಚ್ಚು. ಹೀಗಾಗಿ ವೇಬ್ರಿಡ್ಜಿನ ತೂಕವೂ ಬೆಳಗಿಗೊಂದು ಸಂಜೆಗೊಂದು. ಟೇಪಿಗೆ ಹೊಟ್ಟೆಯ ಏರಿಳಿತ ಅಷ್ಟಾಗಿ ತಾಕುವುದಿಲ್ಲ, ಅದು ಎದೆಯನ್ನಷ್ಟೇ ಸುತ್ತುತ್ತದೆ. ಮೇಲ್ವಿಚಾರಣೆಗೆ ಇದು ಅನುಕೂಲ, ಗಬ್ಬದ ಕುದುರೆಯ ವಿಷಯದಲ್ಲಿ ದೋಷ: ಹನ್ನೊಂದು ತಿಂಗಳ ಗರ್ಭದ ಕೊನೆಯ ಭಾಗದಲ್ಲಿ ಮರಿ ಬೆಳೆಯುವುದು ಟೇಪು ನೋಡದ ಜಾಗದಲ್ಲಿ.

ಮದ್ದಿನ ಲೆಕ್ಕದಲ್ಲಿ ಮಾತ್ರ ನಿಜವಾದ ತೂಕಕ್ಕೇ ಹತ್ತಿರವಾಗಬೇಕು. ಐವರ್ಮೆಕ್ಟಿನ್ ಪ್ರಮಾಣ ಕಿಲೋಗೆ 200 ಮೈಕ್ರೋಗ್ರಾಂ. 377 ಕಿಲೋಗೆ ಸುಮಾರು 75 ಮಿಲಿಗ್ರಾಂ. ಕಡಿಮೆ ಕೊಟ್ಟರೆ ಹುಳ ಸಾಯದೆ ಮದ್ದಿಗೆ ಒಗ್ಗಿಕೊಳ್ಳುವ ಅಪಾಯವಿದೆ. ಈ ಔಷಧಿಗೆ ಸುರಕ್ಷತೆಯ ಅಂತರ ಹೆಚ್ಚಿರುವುದರಿಂದ ಲೆಕ್ಕವನ್ನು ಮೇಲಕ್ಕೆ ದುಂಡಾಗಿಸುವುದು ಸರಿ. ಮಂಪರಿನ ಮದ್ದಿಗೆ ಇದೇ ನ್ಯಾಯ ಹಚ್ಚಬಾರದು, ಅದು ಪಶುವೈದ್ಯರ ಕೈಯಲ್ಲಿರಲಿ.

ತೂಕ ಸ್ಥಿರವಾಗಿದೆ ಎಂದ ಮಾತ್ರಕ್ಕೆ ಮೈ ಸ್ಥಿರವಾಗಿದೆ ಎಂದಲ್ಲ. ಮುದಿ ಕುದುರೆಯ ಬೆನ್ನಿನ ಮಾಂಸ ಕರಗಿ ಜೂಲಿನ ಬುಡದಲ್ಲಿ ಕೊಬ್ಬು ಕೂಡಿದರೆ ಅಂಕಿ ಅಲುಗಾಡದೆ ಇರಬಹುದು. ಅದಕ್ಕಾಗಿ ಹೆನೆಕೆ ಮತ್ತು ಸಂಗಡಿಗರು 1983ರಲ್ಲಿ ಕೊಟ್ಟ 1ರಿಂದ 9ರ ಮೈಕಟ್ಟಿನ ಅಂಕವನ್ನೂ ಪಕ್ಕದಲ್ಲಿ ಬರೆಯಬೇಕು. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸುಲಭವಾಗಿ ಸಿಕ್ಕರೆ 5. ಆ ಅಳತೆಗೋಲು ರೂಪುಗೊಂಡದ್ದು ಅಮೆರಿಕದ ಕ್ವಾರ್ಟರ್ ಹಾರ್ಸ್ ಹೆಣ್ಣು ಕುದುರೆಗಳ ಮೇಲೆ. ತೆಳುಮೈಯ ಮಾರ್ವಾಡಿ, ಕಾಠಿಯಾವಾಡಿ ತಳಿಗಳಿಗೆ ಅದನ್ನು ಹಚ್ಚುವಾಗ ಕಣ್ಣಿಗಿಂತ ಬೆರಳನ್ನು ನಂಬುವುದು ಮೇಲು.

ಇಷ್ಟೆಲ್ಲ ಅಳೆದು ಮೇವನ್ನು ಮಾತ್ರ ಸೇರಿನಲ್ಲಿ ಅಳೆಯುವ ರೂಢಿ ನಮ್ಮ ಕಡೆ ಹೋಗಿಲ್ಲ. ಕುದುರೆಯ ದಿನದ ಮೇವು ಒಣತೂಕದ ಲೆಕ್ಕದಲ್ಲಿ ಮೈತೂಕದ ಶೇಕಡ 1.5ರಿಂದ 2.5; ಅದು ತೂಕದ ಲೆಕ್ಕವೇ ಹೊರತು ಗಾತ್ರದ್ದಲ್ಲ. ಸೇರು ಹುರುಳಿಯ ಭಾರವೇ ಬೇರೆ, ಅದೇ ಸೇರಿನ ಹಗುರ ಬೂಸಾದ ಭಾರವೇ ಬೇರೆ. ಹುರುಳಿ ನೆನೆಸಿದರಂತೂ ನೀರಿನ ತೂಕವೂ ಸೇರಿಕೊಳ್ಳುತ್ತದೆ. ಕುದುರೆಯ ಮೈತೂಕದಲ್ಲಿ ಹತ್ತು ಕಿಲೋಗಿಂತ ಕಡಿಮೆಯ ಏರಿಳಿತವನ್ನು ಒಂದೇ ವಾರದ ಟೇಪಿನಿಂದ ಓದಲಾಗದು. ಎರಡು ಮೂರು ವಾರ ಒಂದೇ ದಿಕ್ಕಿಗೆ ಸಾಗಿದ್ದು ಕಂಡಾಗ ಮೊದಲು ನೋಡಬೇಕಾದದ್ದು ಆ ಸೇರನ್ನು, ಅದರಲ್ಲಿ ಈಚೆಗೆ ಏನು ತುಂಬಿಕೊಡುತ್ತಿದ್ದಾರೆ ಎಂಬುದನ್ನು.