ತುಡುವೆ ಜೇನು ಸಾಕಣೆ

ತುಡುವೆ ಜೇನು ಸಾಕಣೆ ಎಂದರೆ ಭಾರತದ ಸ್ಥಳೀಯ ಜೇನು ಪ್ರಭೇದವಾದ ತುಡುವೆ ಜೇನನ್ನು ಮರದ ಪೆಟ್ಟಿಗೆಗಳಲ್ಲಿ ಸಾಕಿ, ಜೇನುತುಪ್ಪ ಮತ್ತು ಮೇಣವನ್ನು ಪಡೆಯುವ ಕೃಷಿ ಉಪಕಸುಬು. ತುಡುವೆಯ ವೈಜ್ಞಾನಿಕ ಹೆಸರು ಏಪಿಸ್ ಸೆರಾನಾ ಇಂಡಿಕಾ. ಕರ್ನಾಟಕದಲ್ಲಿ ಕೊಡಗು, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಅಡಿಕೆ, ಕಾಫಿ ಹಾಗೂ ಮಿಶ್ರ ತೋಟಗಳಲ್ಲಿ ಇದು ಹೆಚ್ಚಾಗಿ ರೂಢಿಯಲ್ಲಿದೆ. ಕೆಲವೇ ಪೆಟ್ಟಿಗೆಗಳನ್ನು ಇಟ್ಟುಕೊಳ್ಳುವ ಸಣ್ಣ ಕೃಷಿಕರಿಗೆ ಇದು ಕಡಿಮೆ ಬಂಡವಾಳದ ಕಸುಬು. ಮಳೆಗಾಲದ ಆಹಾರದ ಅಭಾವವನ್ನು ದಾಟಿ ಕುಟುಂಬವು ಮುಂದಿನ ಹೂವಿನ ಕಾಲದವರೆಗೆ ಉಳಿದರೆ ಮಾತ್ರ ಈ ಕಸುಬು ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತದೆ.

ಜೇನಿನ ಪ್ರಭೇದಗಳು

ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಐದು ಬಗೆಯ ಜೇನುಗಳು ಕಂಡುಬರುತ್ತವೆ. ಹೆಜ್ಜೇನು ಎತ್ತರದ ಮರ, ಬಂಡೆ ಮತ್ತು ಕಟ್ಟಡಗಳಲ್ಲಿ ಒಂದೇ ದೊಡ್ಡ ಎರಿಯನ್ನು ಬಯಲಿನಲ್ಲಿ ಕಟ್ಟುತ್ತದೆ. ಕೋಲುಜೇನು ಪೊದೆಗಳ ಕಡ್ಡಿಗೆ ಒಂದೇ ಸಣ್ಣ ಎರಿಯನ್ನು ಕಟ್ಟುತ್ತದೆ. ಈ ಎರಡನ್ನೂ ಪೆಟ್ಟಿಗೆಯಲ್ಲಿ ಸಾಕಲಾಗುವುದಿಲ್ಲ. ತುಡುವೆ ಜೇನು ಮರದ ಪೊಟರೆ, ಹುತ್ತ, ಗೋಡೆಯ ಸಂದು ಮೊದಲಾದ ಕತ್ತಲಿನ ಸ್ಥಳಗಳಲ್ಲಿ ಹಲವು ಎರಿಗಳನ್ನು ಒಂದಕ್ಕೊಂದು ಸಮಾನಾಂತರವಾಗಿ ಕಟ್ಟುವುದರಿಂದ ಪೆಟ್ಟಿಗೆಗೆ ಹೊಂದಿಕೊಳ್ಳುತ್ತದೆ. ಕುಟುಕದ ಮುಜಂಟಿ ಜೇನನ್ನು ಮಡಕೆ, ಬಿದಿರು ಮತ್ತು ಸಣ್ಣ ಪೆಟ್ಟಿಗೆಗಳಲ್ಲಿ ಸಾಕುತ್ತಾರೆ. ಐದನೆಯದಾದ ಮೆಲ್ಲಿಫೆರಾ ಹೊರದೇಶದ ಪ್ರಭೇದ. 1962ರಲ್ಲಿ ಹಿಮಾಚಲ ಪ್ರದೇಶದ ನಗ್ರೋಟಾ ಬಗವಾನ್‌ನಲ್ಲಿ ಇದು ಯಶಸ್ವಿಯಾಗಿ ನೆಲೆಗೊಂಡು, ನಂತರ ಇತರ ರಾಜ್ಯಗಳಿಗೆ ಹರಡಿತು.

ಮೆಲ್ಲಿಫೆರಾ ಹೆಚ್ಚು ಜೇನು ಕೊಡುತ್ತದೆಯಾದರೂ ಅದಕ್ಕೆ ವಿಶಾಲವಾದ ಹೂವಿನ ಪ್ರದೇಶ ಬೇಕು, ಪೆಟ್ಟಿಗೆಗಳನ್ನು ಬೆಳೆಯಿಂದ ಬೆಳೆಗೆ ಸಾಗಿಸಬೇಕು. ತುಡುವೆಯು ಚದುರಿದ, ಅಲ್ಪಸ್ವಲ್ಪ ಹೂವುಗಳಿಂದಲೂ ಆಹಾರ ಸಂಗ್ರಹಿಸುತ್ತದೆ. ಆದ್ದರಿಂದ ಒಂದೇ ಸ್ಥಳದಲ್ಲಿ ಐದಾರು ಪೆಟ್ಟಿಗೆಗಳನ್ನು ಇಟ್ಟುಕೊಳ್ಳುವವರಿಗೆ ಇದು ಸೂಕ್ತ. ತುಡುವೆಯ ದೊಡ್ಡ ದೋಷವೆಂದರೆ ಆಹಾರದ ಕೊರತೆ, ಶತ್ರುಗಳ ಕಾಟ ಅಥವಾ ಪದೇ ಪದೇ ಪೆಟ್ಟಿಗೆ ತೆರೆಯುವಿಕೆಯಿಂದ ಇಡೀ ಕುಟುಂಬ ಗೂಡು ಬಿಟ್ಟು ಹಾರಿಹೋಗುವುದು. ಇದನ್ನು ಪಲಾಯನ ಎನ್ನುತ್ತಾರೆ.

ಇತಿಹಾಸ

ಪೊಟರೆ ಮತ್ತು ಮಡಕೆಗಳಲ್ಲಿ ತುಡುವೆಯನ್ನು ನೆಲೆಗೊಳಿಸಿ ಜೇನು ತೆಗೆಯುವ ಪದ್ಧತಿ ಹಳೆಯದು. ಈ ಪದ್ಧತಿಯಲ್ಲಿ ಎರಿಗಳನ್ನು ಕತ್ತರಿಸಿ ಹಿಂಡುವುದರಿಂದ ಮರಿಗಳು ನಾಶವಾಗಿ ಕುಟುಂಬ ಕ್ಷೀಣಿಸುತ್ತಿತ್ತು.

ಎರಡು ಎರಿಗಳ ನಡುವೆ ಜೇನುನೊಣಗಳು ಓಡಾಡಲು ಬಿಡುವ ನಿರ್ದಿಷ್ಟ ಅಂತರವನ್ನು ಬಳಸಿಕೊಂಡು, ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಚೌಕಟ್ಟುಗಳನ್ನು ಎತ್ತಿ ತೆಗೆಯಬಹುದಾದ ಪೆಟ್ಟಿಗೆಯನ್ನು ರೂಪಿಸಿದರು. ಅದು ಮೆಲ್ಲಿಫೆರಾದ ಅಳತೆಯದು. ತುಡುವೆಗೆ ಹೊಂದುವ ಸಣ್ಣ ಪೆಟ್ಟಿಗೆಯನ್ನು 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಜೆಸ್ಯುಯಿಟ್ ಪಾದ್ರಿ ನ್ಯೂಟನ್ ಅವರು ರೂಪಿಸಿದರು. ನ್ಯೂಟನ್ ಪೆಟ್ಟಿಗೆಯೆಂಬ ಹೆಸರಿನಲ್ಲಿ ಅದು ದಕ್ಷಿಣ ಭಾರತದಲ್ಲಿ ಪ್ರಚಾರಕ್ಕೆ ಬಂದಿತು. ಜೇನು ಸಾಕಣೆಯನ್ನು ಗೃಹ ಕೈಗಾರಿಕೆಯಾಗಿ ಬೆಳೆಸಬೇಕೆಂದು 1928ರಲ್ಲಿ ರಾಯಲ್ ಕೃಷಿ ಆಯೋಗ ಶಿಫಾರಸು ಮಾಡಿತು. ಕೊಡಗಿನಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘವು 1936ರಲ್ಲಿ ವಿರಾಜಪೇಟೆಯಲ್ಲಿ ಆರಂಭವಾಯಿತು. ಸ್ವಾತಂತ್ರ್ಯಾನಂತರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಈ ಕಸುಬಿಗೆ ಉತ್ತೇಜನ ನೀಡಿತು. ಆಯೋಗದ ಕೇಂದ್ರೀಯ ಜೇನು ಸಂಶೋಧನಾ ಸಂಸ್ಥೆ 1962ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಯಿತು.

1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತಕ್ಕೆ ಹಬ್ಬಿ ಬಹುಪಾಲು ತುಡುವೆ ಕುಟುಂಬಗಳು ನಾಶವಾದವು. ಜೇನಿನ ಆದಾಯವನ್ನು ನಂಬಿದ್ದ ಅನೇಕರು ಕಸುಬನ್ನೇ ಬಿಟ್ಟರು. ಕೆಲವು ಪ್ರದೇಶಗಳಲ್ಲಿ ಮೆಲ್ಲಿಫೆರಾ ಅದರ ಸ್ಥಾನಕ್ಕೆ ಬಂದಿತು. ರೋಗವನ್ನು ತಾಳಿಕೊಂಡು ಉಳಿದ ಕುಟುಂಬಗಳಿಂದ ತುಡುವೆಯ ಸಂಖ್ಯೆ ನಿಧಾನವಾಗಿ ಚೇತರಿಸಿಕೊಂಡಿತು.

ಕುಟುಂಬದ ರಚನೆ

ಒಂದು ಕುಟುಂಬದಲ್ಲಿ ಒಂದು ರಾಣಿ, ಸಾವಿರಾರು ಕೆಲಸಗಾರ ನೊಣಗಳು ಮತ್ತು ಋತುವಿಗನುಗುಣವಾಗಿ ನೂರಾರು ಗಂಡು ನೊಣಗಳು ಇರುತ್ತವೆ. ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ರಾಣಿಗೆ ಸುಮಾರು 16 ದಿನ, ಕೆಲಸಗಾರ ನೊಣಕ್ಕೆ ಸುಮಾರು 20 ದಿನ, ಗಂಡು ನೊಣಕ್ಕೆ ಸುಮಾರು 24 ದಿನ ಬೇಕು. ಹೂವಿನ ಕಾಲದಲ್ಲಿ ದುಡಿಯುವ ಕೆಲಸಗಾರ ನೊಣದ ಆಯುಷ್ಯ ಕೆಲವೇ ವಾರಗಳು. ಹೀಗಾಗಿ ಹೂವು ಅರಳುವುದಕ್ಕೆ ಒಂದೂವರೆ ಎರಡು ತಿಂಗಳು ಮೊದಲೇ ರಾಣಿಯು ಚೆನ್ನಾಗಿ ಮೊಟ್ಟೆಯಿಟ್ಟಿದ್ದರೆ ಮಾತ್ರ ಆ ಹೂವಿನಿಂದ ಜೇನು ದೊರೆಯುತ್ತದೆ. ಹೂವಿನ ಕಾಲ ಆರಂಭವಾದ ಮೇಲೆ ಬಲಗೊಳ್ಳುವ ಕುಟುಂಬವು ತಂದ ಮಕರಂದವನ್ನು ಮರಿಗಳ ಪೋಷಣೆಗೇ ವ್ಯಯಿಸುತ್ತದೆ.

ಪೆಟ್ಟಿಗೆ ಮತ್ತು ಸ್ಥಳ

ಪೆಟ್ಟಿಗೆಯ ಮುಖ್ಯ ಭಾಗಗಳು ಅಡಿಮಣೆ, ಸಂಸಾರ ಕೋಣೆ, ಜೇನು ಕೋಣೆ, ಒಳಮುಚ್ಚಳ ಮತ್ತು ಹೊರಮುಚ್ಚಳ. ಮರಿಗಳು ಹಾಗೂ ಕುಟುಂಬದ ಸ್ವಂತ ಆಹಾರವು ಕೆಳಗಿನ ಸಂಸಾರ ಕೋಣೆಯಲ್ಲಿಯೂ ಹೆಚ್ಚುವರಿ ಜೇನು ಮೇಲಿನ ಜೇನು ಕೋಣೆಯಲ್ಲಿಯೂ ಇರುತ್ತವೆ. ನ್ಯೂಟನ್ ಪೆಟ್ಟಿಗೆಯ ಸಂಸಾರ ಕೋಣೆಯಲ್ಲಿ ಸಾಮಾನ್ಯವಾಗಿ 7 ಚೌಕಟ್ಟುಗಳಿರುತ್ತವೆ. ಜೇನು ಕೋಣೆಯ ಚೌಕಟ್ಟು ಎತ್ತರದಲ್ಲಿ ಇದರ ಅರ್ಧದಷ್ಟು. ಅಳತೆಯಲ್ಲಿ ವ್ಯತ್ಯಾಸವಾದರೆ ನೊಣಗಳು ಅಡ್ಡ ಎರಿ ಕಟ್ಟಿ ಚೌಕಟ್ಟುಗಳನ್ನು ಎತ್ತಲು ಬಾರದಂತೆ ಮಾಡುತ್ತವೆ. ಒಬ್ಬರ ಎಲ್ಲ ಪೆಟ್ಟಿಗೆಗಳೂ ಒಂದೇ ಅಳತೆಯವಾಗಿದ್ದರೆ ಚೌಕಟ್ಟುಗಳನ್ನು ಅದಲುಬದಲು ಮಾಡುವುದು ಸುಲಭ.

ಪೆಟ್ಟಿಗೆಯನ್ನು ಕಾಲುಳ್ಳ ಸ್ಟ್ಯಾಂಡಿನ ಮೇಲಿರಿಸಿ, ಇರುವೆ ಹತ್ತದಂತೆ ಕಾಲುಗಳಿಗೆ ನೀರಿನ ಬಟ್ಟಲು ಇಡುತ್ತಾರೆ. ಬೆಳಗಿನ ಬಿಸಿಲು ಮತ್ತು ಮಧ್ಯಾಹ್ನದ ನೆರಳು ಇರುವ, ಗಾಳಿಯ ರಭಸವಿಲ್ಲದ, ಸಮೀಪದಲ್ಲಿ ಶುದ್ಧ ನೀರು ಸಿಗುವ ಸ್ಥಳ ಉತ್ತಮ. ಪೆಟ್ಟಿಗೆಗಳ ನಡುವೆ 2ರಿಂದ 3 ಮೀಟರ್ ಅಂತರವಿರಬೇಕು. ನಡೆದಾಡುವ ದಾರಿ ಮತ್ತು ಹಟ್ಟಿಯ ಕಡೆಗೆ ಬಾಗಿಲು ಇರಬಾರದು. ಹೊಸಬರು ಎರಡು ಕುಟುಂಬಗಳಿಂದ ಆರಂಭಿಸುವುದು ರೂಢಿ. ಒಂದರಲ್ಲಿ ರಾಣಿ ಸತ್ತರೆ ಮತ್ತೊಂದರಿಂದ ಮೊಟ್ಟೆಯಿರುವ ಎರಿಯನ್ನು ಕೊಟ್ಟು ಅದನ್ನು ಉಳಿಸಲು ಸಾಧ್ಯವಾಗುತ್ತದೆ.

ಕುಟುಂಬವನ್ನು ಪಡೆಯುವ ಕ್ರಮ

ಕುಟುಂಬವನ್ನು ಮೂರು ರೀತಿಯಲ್ಲಿ ಪಡೆಯಬಹುದು. ಮೊದಲನೆಯದು, ಒಳಭಾಗಕ್ಕೆ ಜೇನುಮೇಣ ಸವರಿದ ಖಾಲಿ ಪೆಟ್ಟಿಗೆಯನ್ನು ಪಾಲಾಗುವ ಕಾಲದಲ್ಲಿ ಮರದ ಮೇಲೆ ಅಥವಾ ಮನೆಯ ಹಿಂಬದಿಯಲ್ಲಿಟ್ಟು ಹಿಂಡು ತಾನಾಗಿ ಬರುವಂತೆ ಮಾಡುವುದು. ಎರಡನೆಯದು, ಪೊಟರೆ ಅಥವಾ ಗೋಡೆಯ ಗೂಡನ್ನು ತೆರೆದು ಮರಿಗಳಿರುವ ಎರಿಗಳನ್ನು ಮೇಲುಕೆಳಗಾಗದಂತೆ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿ, ರಾಣಿಯೊಡನೆ ನೊಣಗಳನ್ನು ಪೆಟ್ಟಿಗೆಗೆ ಸೇರಿಸುವುದು. ಆಗ ರಾಣಿ ಹೊರಹೋಗದಂತೆ ಬಾಗಿಲಿಗೆ ಕೆಲವು ದಿನ ರಾಣಿ ತಡೆಯನ್ನು ಹಾಕುತ್ತಾರೆ. ಮೂರನೆಯದು, ಇತರ ಕೃಷಿಕರು ವಿಭಜಿಸಿದ ಕುಟುಂಬವನ್ನು ಕೊಳ್ಳುವುದು.

ಪ್ರತಿ ವರ್ಷ ಕಳೆದುಕೊಂಡ ಕುಟುಂಬಗಳಿಗೆ ಬದಲಾಗಿ ಕಾಡಿನಿಂದ ಹೊಸದನ್ನು ತರುವ ಅಭ್ಯಾಸದಿಂದ ಕಾಡಿನ ಸಂತತಿ ಕುಗ್ಗುತ್ತದೆ. ಪೊಟರೆಯನ್ನು ಕಡಿದರೆ ಮುಂದಿನ ಹಿಂಡಿಗೆ ನೆಲೆಯೂ ಇಲ್ಲವಾಗುತ್ತದೆ. ಸುಸ್ಥಿರ ಪದ್ಧತಿಯಲ್ಲಿ ಸಾಕಣೆದಾರರು ತಮ್ಮ ಬಲವಾದ ಕುಟುಂಬಗಳನ್ನು ವಿಭಜಿಸಿಯೇ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತಾರೆ.

ವಾರ್ಷಿಕ ನಿರ್ವಹಣೆ

ಕರಾವಳಿ ಮತ್ತು ಮಲೆನಾಡಿನಲ್ಲಿ ವರ್ಷವನ್ನು ಸ್ಥೂಲವಾಗಿ ಮೂರು ಅವಧಿಗಳಾಗಿ ವಿಂಗಡಿಸಬಹುದು. ಮಳೆ ಮತ್ತು ಸ್ಥಳೀಯ ಸಸ್ಯಗಳಿಗೆ ಅನುಗುಣವಾಗಿ ಇವು ಹಿಂದುಮುಂದಾಗುತ್ತವೆ.

ಬೆಳವಣಿಗೆಯ ಕಾಲ, ಅಕ್ಟೋಬರ್‌ನಿಂದ ಡಿಸೆಂಬರ್: ಮಳೆ ಕಡಿಮೆಯಾದಂತೆ ಪರಾಗ ದೊರೆತು ಕುಟುಂಬ ಬೆಳೆಯುತ್ತದೆ. ಹಳೆಯ ಕಪ್ಪು ಎರಿಗಳನ್ನು ತೆಗೆದು ಹೊಸದಕ್ಕೆ ಅವಕಾಶ ಕೊಡಬೇಕು. ಕುಟುಂಬ ತುಂಬಿದಾಗ ಎರಿಗಳ ಕೆಳ ಅಂಚಿನಲ್ಲಿ ರಾಣಿ ಕೋಶಗಳು ಕಾಣಿಸಿಕೊಳ್ಳುತ್ತವೆ. ಇದು ಕುಟುಂಬ ಪಾಲಾಗುವ ಸೂಚನೆ. ಬಲಿತ ರಾಣಿ ಕೋಶವಿರುವ ಎರಿ, ಮರಿಗಳು ಮತ್ತು ಆಹಾರವಿರುವ ಎರಡು ಮೂರು ಎರಿಗಳನ್ನು ನೊಣಗಳ ಸಹಿತ ಬೇರೆ ಪೆಟ್ಟಿಗೆಗೆ ವರ್ಗಾಯಿಸಿ ವಿಭಜನೆ ಮಾಡುತ್ತಾರೆ. ವಿಭಜನೆ ಬೇಡವಾದಲ್ಲಿ ರಾಣಿ ಕೋಶಗಳನ್ನು ತೆಗೆದು ಜೇನು ಕೋಣೆಯನ್ನು ಇರಿಸಬೇಕು.

ಜೇನಿನ ಕಾಲ, ಜನವರಿಯಿಂದ ಮೇ: ರಬ್ಬರ್‌ನ ಹೊಸ ಚಿಗುರಿನ ರಸ, ಗೇರು, ಮಾವು, ಹೊಂಗೆ, ಹುಣಸೆ, ನೇರಳೆ, ಅಂಟುವಾಳ ಮತ್ತು ಕಾಡುಮರಗಳ ಹೂವುಗಳು ಮುಖ್ಯ ಮೂಲಗಳು. ಬೇಸಿಗೆಯ ಹೂಮಳೆಯ ನಂತರ ಕಾಫಿ ಅರಳುತ್ತದೆ. ತೆಂಗು ಮತ್ತು ಅಡಿಕೆ ಹೆಚ್ಚಿನ ಕಾಲ ಪರಾಗ ಒದಗಿಸುತ್ತವೆ.

ಅಭಾವದ ಕಾಲ, ಜೂನ್‌ನಿಂದ ಸೆಪ್ಟೆಂಬರ್: ಸತತ ಮಳೆಯಿಂದ ನೊಣಗಳು ಹೊರಹೋಗಲಾರವು. ನಾಚಿಕೆ ಮುಳ್ಳಿನಂತಹ ಗಿಡಗಳಿಂದ ಸ್ವಲ್ಪ ಪರಾಗ ದೊರೆತರೂ ಮಕರಂದ ಸಾಲುವುದಿಲ್ಲ. ಬಹುತೇಕ ಪಲಾಯನ ಮತ್ತು ಸಾವು ಸಂಭವಿಸುವುದು ಈ ಅವಧಿಯಲ್ಲಿ. ಜೇನು ಕೋಣೆಯನ್ನು ತೆಗೆದು, ನೊಣಗಳಿಲ್ಲದ ಎರಿಗಳನ್ನು ಹೊರತೆಗೆದು, ಬಾಗಿಲನ್ನು ಕಿರಿದಾಗಿಸಬೇಕು. ಆಹಾರ ಕಡಿಮೆಯಿದ್ದರೆ ಸಕ್ಕರೆ ಮತ್ತು ನೀರನ್ನು ಸಮಪ್ರಮಾಣದಲ್ಲಿ ಕುದಿಸಿ ಆರಿಸಿದ ಪಾಕವನ್ನು ಕೊಡುತ್ತಾರೆ. ಹಗಲಿನಲ್ಲಿ ಕೊಟ್ಟರೆ ಅಥವಾ ಹೊರಗೆ ಚೆಲ್ಲಿದರೆ ಇತರ ಕುಟುಂಬಗಳ ನೊಣಗಳು ದಾಳಿಯಿಡುವುದರಿಂದ, ಸಂಜೆ ಎಲ್ಲ ಪೆಟ್ಟಿಗೆಗಳಿಗೂ ಒಟ್ಟಿಗೆ ಪೆಟ್ಟಿಗೆಯ ಒಳಗೇ ಕೊಡುವುದು ಸರಿಯಾದ ಕ್ರಮ.

ಜೇನು ತೆಗೆಯುವಿಕೆ

ಎರಿಯ ಮುಕ್ಕಾಲು ಭಾಗ ಕೋಶಗಳಿಗೆ ನೊಣಗಳು ಮೇಣದ ಮುಚ್ಚಳ ಹಾಕಿದ ನಂತರ ಜೇನು ಪಕ್ವವಾಗಿದೆಯೆಂದು ತಿಳಿಯಬೇಕು. ಅದಕ್ಕೂ ಮೊದಲು ತೆಗೆದ ಜೇನಿನಲ್ಲಿ ನೀರಿನಂಶ ಹೆಚ್ಚಾಗಿದ್ದು ಹುಳಿಯುತ್ತದೆ. ಭಾರತದ ಆಹಾರ ಸುರಕ್ಷತಾ ಮಾನದಂಡವು ಜೇನಿನಲ್ಲಿ ಗರಿಷ್ಠ 20 ಶೇಕಡಾ ತೇವಾಂಶಕ್ಕೆ ಅವಕಾಶ ನೀಡುತ್ತದೆ. ಮಲೆನಾಡಿನ ತೇವದ ಹವೆಯಲ್ಲಿ ತುಡುವೆ ಜೇನು ಈ ಮಿತಿಯನ್ನು ಮೀರುವುದುಂಟು. ಆದ್ದರಿಂದ ಮುಚ್ಚಳ ಹಾಕಿದ ಎರಿಗಳನ್ನಷ್ಟೇ ತೆಗೆಯುವುದು ಮುಖ್ಯ.

ಹೊಗೆತಿದಿಯಿಂದ ಹದವಾಗಿ ಹೊಗೆ ಹಾಕಿ ನೊಣಗಳನ್ನು ಸರಿಸಿ, ಚೂರಿಯಿಂದ ಮುಚ್ಚಳ ಕೊಯ್ದು, ತಿರುಗುವ ಜೇನು ತೆಗೆಯುವ ಯಂತ್ರದಲ್ಲಿ ಜೇನನ್ನು ಬೇರ್ಪಡಿಸುತ್ತಾರೆ. ಎರಿ ಹಾಳಾಗದ ಕಾರಣ ಅದನ್ನು ಪೆಟ್ಟಿಗೆಗೆ ಮರಳಿ ಇಡಬಹುದು. ಒಂದು ಕಿಲೋಗ್ರಾಂ ಮೇಣ ತಯಾರಿಸಲು ನೊಣಗಳು ಹಲವು ಕಿಲೋಗ್ರಾಂ ಜೇನನ್ನು ಸೇವಿಸುವುದರಿಂದ ಎರಿಯ ಮರುಬಳಕೆ ದೊಡ್ಡ ಉಳಿತಾಯ. ಉತ್ತಮ ನಿರ್ವಹಣೆಯಲ್ಲಿ ಒಂದು ಕುಟುಂಬದಿಂದ ವರ್ಷಕ್ಕೆ ಸಾಮಾನ್ಯವಾಗಿ 5ರಿಂದ 10 ಕಿಲೋಗ್ರಾಂ ಜೇನು ದೊರೆಯುತ್ತದೆ.

ಸಂಸಾರ ಕೋಣೆಯ ಜೇನನ್ನು ತೆಗೆಯಬಾರದು. ಋತುವಿನ ಕೊನೆಯ ಕೊಯ್ಲಿನಲ್ಲಿ ಜೇನು ಕೋಣೆಯಲ್ಲಿಯೂ ಸ್ವಲ್ಪ ಭಾಗವನ್ನು ಉಳಿಸಬೇಕು. ಮಳೆಗಾಲದ ಮೊದಲು ಪೂರ್ಣವಾಗಿ ಬರಿದಾದ ಕುಟುಂಬವು ಪಾಕವನ್ನೇ ಅವಲಂಬಿಸಬೇಕಾಗುತ್ತದೆ. ಸಕ್ಕರೆಯಲ್ಲಿ ಪರಾಗದ ಪೋಷಕಾಂಶಗಳಿಲ್ಲದ ಕಾರಣ ಅದು ತಾತ್ಕಾಲಿಕ ಆಸರೆ ಮಾತ್ರ. ಜೇನು ಕೋಣೆ ಇರುವಾಗ ಪಾಕ ಕೊಟ್ಟರೆ ಅದು ಜೇನಿನೊಡನೆ ಸೇರಿ ಕಲಬೆರಕೆಯಾಗುತ್ತದೆ.

ರೋಗಗಳು ಮತ್ತು ಶತ್ರುಗಳು

ಥಾಯ್ ಸ್ಯಾಕ್‌ಬ್ರೂಡ್ ರೋಗದಲ್ಲಿ ಮರಿಹುಳುಗಳು ಕೋಶದೊಳಗೆ ತಲೆ ಮೇಲೆತ್ತಿದ ಸ್ಥಿತಿಯಲ್ಲಿ ಸಾಯುತ್ತವೆ. ಸತ್ತ ಮರಿಯನ್ನು ಎತ್ತಿದರೆ ನೀರು ತುಂಬಿದ ಚೀಲದಂತೆ ಕಾಣುತ್ತದೆ. ಇದು ವೈರಾಣು ರೋಗವಾದ್ದರಿಂದ ಪ್ರತಿಜೈವಿಕ ಔಷಧಗಳು ನಿಷ್ಪ್ರಯೋಜಕ. ಅವುಗಳ ಶೇಷ ಜೇನಿನಲ್ಲಿ ಉಳಿಯುವ ಅಪಾಯವೂ ಇದೆ. ರಾಣಿಯನ್ನು ಕೆಲವು ವಾರ ಪಂಜರದಲ್ಲಿಟ್ಟು ಮರಿಗಳ ಸರಪಳಿ ಕಡಿಯುವುದು, ರೋಗವಿರುವ ಪೆಟ್ಟಿಗೆಯ ಎರಿಗಳನ್ನು ಇತರ ಪೆಟ್ಟಿಗೆಗಳಿಗೆ ಹಾಕದಿರುವುದು, ರೋಗಪೀಡಿತ ಪ್ರದೇಶದಿಂದ ಕುಟುಂಬ ತರದಿರುವುದು ಮತ್ತು ಉಳಿದುಕೊಂಡ ಕುಟುಂಬಗಳಿಂದಲೇ ಸಂತತಿ ಬೆಳೆಸುವುದು ನಿಯಂತ್ರಣದ ದಾರಿಗಳು.

ಮೇಣದ ಪತಂಗದ ಹುಳುಗಳು ದುರ್ಬಲ ಕುಟುಂಬದ ಎರಿಗಳನ್ನು ಕೊರೆದು ಬಲೆ ಹೆಣೆಯುತ್ತವೆ. ತುಡುವೆಯು ಹಳೆಯ ಎರಿಗಳನ್ನು ಕಡಿದು ಅಡಿಮಣೆಯ ಮೇಲೆ ಬೀಳಿಸುವ ಚೂರುಗಳಲ್ಲಿ ಇವು ಬೆಳೆಯುವುದರಿಂದ ವಾರಕ್ಕೊಮ್ಮೆ ಅಡಿಮಣೆಯನ್ನು ಶುಚಿಗೊಳಿಸಬೇಕು. ಕಣಜ, ಇರುವೆ, ಹಲ್ಲಿ ಹಾಗೂ ಕಳ್ಳಿಪೀರ ಹಕ್ಕಿ ಇತರ ಶತ್ರುಗಳು. ಮೆಲ್ಲಿಫೆರಾಕ್ಕೆ ಮಾರಕವಾದ ವರೋವಾ ನುಸಿಯು ತುಡುವೆಯಲ್ಲಿ ಮುಖ್ಯವಾಗಿ ಗಂಡು ಮರಿಗಳ ಕೋಶಗಳಲ್ಲಿ ಮಾತ್ರ ವೃದ್ಧಿಯಾಗುವುದರಿಂದ ಹೆಚ್ಚಿನ ಹಾನಿ ಮಾಡುವುದಿಲ್ಲ.

ಹೂ ಬಿಟ್ಟಿರುವ ಬೆಳೆಗೆ ಸಿಂಪಡಿಸುವ ಕೀಟನಾಶಕದಿಂದ ಹೊರಗೆ ದುಡಿಯುವ ನೊಣಗಳು ಸಾಯುತ್ತವೆ. ಸಿಂಪಡಣೆ ಅನಿವಾರ್ಯವಾದರೆ ನೊಣಗಳ ಓಡಾಟ ನಿಂತ ಸಂಜೆಯ ನಂತರ ಮಾಡುವುದು ಮತ್ತು ನೆರೆಯ ಸಾಕಣೆದಾರರಿಗೆ ಮೊದಲೇ ತಿಳಿಸುವುದು ಹಾನಿಯನ್ನು ತಗ್ಗಿಸುತ್ತದೆ.

ಪರಾಗಸ್ಪರ್ಶ

ಜೇನು ಸಾಕಣೆಯ ಪ್ರಯೋಜನ ಜೇನುತುಪ್ಪಕ್ಕೆ ಸೀಮಿತವಲ್ಲ. ಏಲಕ್ಕಿ, ಸೌತೆ, ಕುಂಬಳ, ಹಾಗಲ ಮತ್ತು ಸೂರ್ಯಕಾಂತಿ ಬೆಳೆಗಳಲ್ಲಿ ಕಾಯಿ ಅಥವಾ ಬೀಜ ಕಟ್ಟಲು ಜೇನುನೊಣಗಳು ನೆರವಾಗುತ್ತವೆ. ಕಾಫಿಯಲ್ಲಿ ಅರೇಬಿಕಾ ಸ್ವಕೀಯ ಪರಾಗಸ್ಪರ್ಶ ಹೊಂದಿದರೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ತೋಟದ ಬೇಲಿ ಮತ್ತು ಬದುಗಳಲ್ಲಿ ಬೇರೆ ಬೇರೆ ಕಾಲಕ್ಕೆ ಹೂ ಬಿಡುವ ಸ್ಥಳೀಯ ಮರಗಿಡಗಳನ್ನು ಉಳಿಸಿಕೊಂಡರೆ ಕುಟುಂಬಗಳಿಗೆ ಆಹಾರ ಒದಗುತ್ತದೆ, ಕಾಡಿನ ಜೇನುಗಳಿಗೂ ನೆರವಾಗುತ್ತದೆ.

ಸುರಕ್ಷತೆ

ಪೆಟ್ಟಿಗೆ ತೆರೆಯುವಾಗ ಮುಖಪರದೆ ಧರಿಸಿ, ಬಿಸಿಲಿರುವ ಶಾಂತ ಹವೆಯಲ್ಲಿ, ಅವಸರವಿಲ್ಲದೆ ಕೆಲಸ ಮಾಡಬೇಕು. ಕುಟುಕಿದ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಉಸಿರಾಟದ ತೊಂದರೆ, ಮುಖದ ಊತ ಅಥವಾ ತಲೆಸುತ್ತು ಕಂಡುಬಂದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವುದು ಅಗತ್ಯ. ಒಂದು ವರ್ಷದೊಳಗಿನ ಶಿಶುಗಳಿಗೆ ಜೇನುತುಪ್ಪವನ್ನು ನೀಡಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಶಿಶುಗಳಲ್ಲಿ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆಯನ್ನು ಉಂಟುಮಾಡಬಲ್ಲವು.