ಆಶಿಶ್ ಬಲ್ಲಾಳ್: ಗೋಲು ಪೆಟ್ಟಿಗೆಯಿಂದ ತರಬೇತಿಯ ಅಂಗಳಕ್ಕೆ

ಭಾರತ ಹಾಕಿ ತಂಡದ ಮಾಜಿ ಗೋಲ್‌ಕೀಪರ್, ಕರ್ನಾಟಕದ ಆಟಗಾರ, ಅರ್ಜುನ ಪ್ರಶಸ್ತಿ ಪುರಸ್ಕೃತ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನದ ಪದಕ ದೊರಕಿಸಿಕೊಟ್ಟ ತಂಡದಲ್ಲಿ ನಿರ್ಣಾಯಕ ಪಾತ್ರ ವಹಿಸಿದವರು. ನಿವೃತ್ತಿಯ ಬಳಿಕ ಬೆಂಗಳೂರಿನಲ್ಲಿ ತಮ್ಮ ಹೆಸರಿನ ಅಕಾಡೆಮಿಯ ಮೂಲಕ ಎಳೆಯರಿಗೆ ಹಾಕಿ ಕಲಿಸುವ ಕೆಲಸಕ್ಕೆ ತೊಡಗಿದರು.

ತೊಂಬತ್ತರ ದಶಕದಲ್ಲಿ ಭಾರತದ ಗೋಲು ಕಾಯುವ ಹೊಣೆ ಬಹುಮಟ್ಟಿಗೆ ಕನ್ನಡ ನಾಡಿನವರದೇ ಆಗಿತ್ತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ತಂಡದಲ್ಲಿ ಬಲ್ಲಾಳ್ ಅವರೊಂದಿಗೆ ಕೊಡಗಿನ ಎ.ಬಿ. ಸುಬ್ಬಯ್ಯ ಅವರೂ ಇದ್ದರು. ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ತೃಪ್ತಿಪಟ್ಟಿತು. ತಂಡದಲ್ಲಿ ಗೋಲ್‌ಕೀಪರ್ ಸ್ಥಾನ ಒಂದೇ; ಇಬ್ಬರು ಸಮರ್ಥರಿದ್ದರೆ ಒಬ್ಬರು ಬೆಂಚಿನ ಮೇಲೆ ಕಾಯಲೇಬೇಕು. ಮುನ್ಪಡೆ ಆಟಗಾರನಿಗಿಲ್ಲದ ಈ ಕಷ್ಟ ಗೋಲ್‌ಕೀಪರನ ಪಾಲಿಗೆ ಸದಾ ಇದ್ದದ್ದೇ.

ಬಲ್ಲಾಳ್ ಅವರ ಹೆಸರು ಮನೆಮಾತಾದದ್ದು 1998ರ ಡಿಸೆಂಬರ್‌ನಲ್ಲಿ. ಏಷ್ಯನ್ ಕ್ರೀಡಾಕೂಟದ ಹಾಕಿಯಲ್ಲಿ ಭಾರತ ಅದಕ್ಕೂ ಮುನ್ನ ಚಿನ್ನ ಗೆದ್ದದ್ದು 1966ರಲ್ಲಿ, ಅದೂ ಬ್ಯಾಂಕಾಕ್‌ನಲ್ಲಿಯೇ. ಆಗಿನ ನಾಯಕ ಶಂಕರ್ ಲಕ್ಷ್ಮಣ್ ಕೂಡ ಗೋಲ್‌ಕೀಪರ್ ಆಗಿದ್ದರೆಂಬುದು ಸ್ವಾರಸ್ಯಕರ. 32 ವರ್ಷಗಳ ನಂತರದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಪಂದ್ಯ 1–1ರಲ್ಲಿ ಸಮನಾಗಿ, ನಿರ್ಧಾರ ಟೈಬ್ರೇಕರ್‌ಗೆ ಹೋಯಿತು.

ಹಾಕಿಗಿಂತ ವಾಲಿಬಾಲ್, ಕಬಡ್ಡಿಯೇ ಹೆಚ್ಚು ಪರಿಚಿತವಾದ ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ಕಡೆಯ ಓದುಗರಿಗೆ ಈ ನಿಯಮವನ್ನು ತುಸು ವಿವರಿಸಬೇಕು. ಆಗ ಟೈಬ್ರೇಕರ್ ಎಂದರೆ ಪೆನಾಲ್ಟಿ ಸ್ಟ್ರೋಕ್. ಗೋಲಿನಿಂದ 6.40 ಮೀಟರ್ ದೂರದಲ್ಲಿಟ್ಟ ಚೆಂಡನ್ನು ಎದುರಾಳಿ ತಳ್ಳುವವರೆಗೆ ಗೋಲ್‌ಕೀಪರ್ ಗೆರೆಯ ಮೇಲಿಂದ ಪಾದ ಕದಲಿಸುವಂತಿಲ್ಲ. ಕಾಯಬೇಕಾದ ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ಎಂಟು ಸೆಕೆಂಡುಗಳ ಮುಖಾಮುಖಿ ಶೂಟೌಟ್ ಪದ್ಧತಿ ಬಂದದ್ದು ಬಹಳ ವರ್ಷಗಳ ಬಳಿಕ. ಅದರಲ್ಲಿ ಗೋಲ್‌ಕೀಪರ್ ಮುಂದೆ ನುಗ್ಗಿ ಎದುರಾಳಿಯ ಕೋನವನ್ನು ಕಿರಿದಾಗಿಸಬಹುದು. ಬಲ್ಲಾಳ್ ಅವರಿಗೆ ಆ ಅನುಕೂಲವಿರಲಿಲ್ಲ. ಆದರೂ ಕೊರಿಯನ್ನರ ಸ್ಟ್ರೋಕ್‌ಗಳನ್ನು ತಡೆದರು. ಭಾರತ 4–2ರಿಂದ ಗೆದ್ದಿತು.

ಈ ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಆಟಗಾರರು ಮತ್ತು ಭಾರತೀಯ ಹಾಕಿ ಫೆಡರೇಷನ್ ನಡುವಿನ ಮನಸ್ತಾಪ ಬಯಲಿಗೆ ಬಂದು, ನಾಯಕ ಧನರಾಜ್ ಪಿಳ್ಳೈ ಸೇರಿದಂತೆ ಚಿನ್ನ ಗೆದ್ದ ತಂಡದ ಹಲವರನ್ನು ಮುಂದಿನ ಸರಣಿಗೆ ಕೈಬಿಡಲಾಯಿತು. ಬಲ್ಲಾಳ್ ಅವರೂ ಅವರಲ್ಲೊಬ್ಬರು. ತರಬೇತುದಾರ ಎಂ.ಕೆ. ಕೌಶಿಕ್ ಕೂಡ ಹುದ್ದೆ ಕಳೆದುಕೊಂಡರು. ಗೆದ್ದ ತಂಡವನ್ನು ಗೆಲುವಿನ ಬೆನ್ನಲ್ಲೇ ಒಡೆದ ಈ ಕ್ರಮಕ್ಕೆ ಭಾರತೀಯ ಕ್ರೀಡಾ ಇತಿಹಾಸದಲ್ಲಿ ಸಾಟಿ ಹುಡುಕುವುದು ಕಷ್ಟ.

ಗೋಲ್‌ಕೀಪಿಂಗ್ ಕಲಿಸುವುದು ತಂಡದ ಇತರರಿಗೆ ಕಲಿಸಿದಂತಲ್ಲ. ಪ್ಯಾಡ್, ಕಿಕರ್, ಹೆಲ್ಮೆಟ್‌ಗಳ ವೆಚ್ಚವೇ ದೊಡ್ಡದು. ಚೆಂಡಿಗೆ ಹೆದರದಿರುವುದನ್ನು ಮೊದಲು ರೂಢಿಸಬೇಕು. ಅನಂತರವೇ ಕಾಲಿನ ಚಲನೆ, ಕೋನದ ಲೆಕ್ಕ. ಸ್ವತಃ ಆ ಜಾಗದಲ್ಲಿ ನಿಂತವರ ಮಾತಿಗೆ ಇಲ್ಲಿ ತೂಕ ಹೆಚ್ಚು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದ ಗೋಲ್‌ಕೀಪರ್ ಭರತ್ ಚೆಟ್ರಿ ಬಳಿಕ ತರಬೇತಿಗೆ ಬಂದರು. 2014ರ ಇಂಚಿಯಾನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ, ಬ್ಯಾಂಕಾಕ್‌ನ ಅಂಕಿಗಳಲ್ಲೇ ಅಂದರೆ 1–1, 4–2ರಿಂದ ಚಿನ್ನ ತಂದ ಪಿ.ಆರ್. ಶ್ರೀಜೇಶ್ 2024ರಲ್ಲಿ ಜೂನಿಯರ್ ತಂಡದ ತರಬೇತುದಾರರಾಗಿ, ಅದೇ ವರ್ಷ ಮಸ್ಕತ್‌ನಲ್ಲಿ ಆ ತಂಡಕ್ಕೆ ಜೂನಿಯರ್ ಏಷ್ಯಾ ಕಪ್ ಗೆಲ್ಲಿಸಿಕೊಟ್ಟರು.